ಸ್ಕೂಟರ್ ಕಲಿಯಲು ಬರುವವರ ಬಚ್ಚಿಟ್ಟ ಭಯ: ಪತ್ತೆ ಹಚ್ಚುವುದು ಹೇಗೆ, ಬಿಡಿಸುವುದು ಹೇಗೆ

ಮೈಸೂರಿನಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಸ್ಕೂಟರ್ ಕಲಿಸುವುದು ನನ್ನ ಕಸುಬು. "ನನಗೆ ಭಯ" ಎಂದು ಬಾಯಿ ಬಿಟ್ಟು ಹೇಳುವವರು ಸುಲಭದ ಶಿಷ್ಯೆಯರು. ಕಷ್ಟ ಕೊಡುವವರು ಭಯವೇ ಇಲ್ಲ ಎನ್ನುವವರು. ಅವರಿಗೆ ಬಿಡುವಿರುವುದಿಲ್ಲ, ಮಂಡಿ ನೋವಿರುತ್ತದೆ. ಆಷಾಢ ಕಳೆಯಲಿ ಎನ್ನುತ್ತಾರೆ; ಕಳೆದರೆ ವರಮಹಾಲಕ್ಷ್ಮಿ ಹಬ್ಬ, ಅದಾದ ಮೇಲೆ ದಸರೆಯ ಗದ್ದಲ. ಮನೆ ಹತ್ತಿರವೇ ಸಿಟಿ ಬಸ್ಸಿದೆಯಲ್ಲ ಎಂಬುದು ಕೊನೆಯ ಅಸ್ತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದಂತಾದ ಮೇಲೆ ಆ ಅಸ್ತ್ರ ಇನ್ನಷ್ಟು ಹರಿತವಾಗಿದೆ.

ತೊಡಕು ಎಲ್ಲಿದೆಯೆಂದರೆ, ಈ ಕಾರಣಗಳೆಲ್ಲ ನಿಜವೇ. ಮಂಡಿ ನಿಜವಾಗಿಯೂ ನೋಯುತ್ತಿರುತ್ತದೆ. ಹಾಗಾಗಿ ಕಾರಣ ಸರಿಯೋ ತಪ್ಪೋ ಎಂದು ವಾದ ಮಾಡುತ್ತಾ ಕೂತರೆ ಭಯ ಸಿಕ್ಕಿಬೀಳುವುದಿಲ್ಲ. ನಾನು ನೋಡುವುದು ಬೇರೊಂದನ್ನು. "ನಾಳೆ ಪಾಠವಿಲ್ಲ" ಎಂದು ಫೋನ್ ಮಾಡಿದಾಗ ಒಬ್ಬರು "ಅಯ್ಯೋ, ಬೇಗ ಎದ್ದು ತಿಂಡಿ ಮುಗಿಸಿಕೊಳ್ಳೋಣ ಎಂದಿದ್ದೆನಲ್ಲ" ಎಂದು ಗೊಣಗುತ್ತಾರೆ. ಇನ್ನೊಬ್ಬರ ದನಿ ತಟ್ಟನೆ ಅರಳುತ್ತದೆ: "ಪರವಾಗಿಲ್ಲ ಬಿಡಿ ಮೇಡಂ, ನಿಧಾನವಾಗಿ ನೋಡೋಣ." ಎರಡನೆಯವರ ಬಳಿ ಭಯವಿದೆ. ನೀವು ಬಹಳ ದಿನದಿಂದ ಮುಂದೂಡುತ್ತಿರುವ ಕೆಲಸ ಯಾವುದೇ ಇರಲಿ, ಸಂಘದ ಸಭೆಯಲ್ಲಿ ಮಾತನಾಡುವುದೋ, ಬ್ಯಾಂಕಿಗೆ ಒಬ್ಬರೇ ಹೋಗಿ ಸಾಲ ಕೇಳುವುದೋ, ಅದು ರದ್ದಾಯಿತೆಂದು ಯಾರೋ ಬಂದು ಹೇಳಿದಂತೆ ಊಹಿಸಿಕೊಳ್ಳಿ. ಎದೆ ಹಗುರವಾದರೆ ನಿಮಗೆ ಕಡಿಮೆ ಇದ್ದದ್ದು ಸಮಯವಲ್ಲ.

ಮುಂದಿನ ಕೆಲಸ, ಭಯವನ್ನು ಒಂದು ವಾಕ್ಯದಲ್ಲಿ ಬರೆಯುವುದು. "ಸ್ಕೂಟರ್ ಎಂದರೆ ಭಯ" ಎಂಬುದು ಸಾಲದು. ಎಲ್ಲಿ, ಯಾರ ಮುಂದೆ, ಏನಾಗುತ್ತದೆಂದು ಭಯ? ಕಣ್ಣಿಗೆ ಕಟ್ಟುವಂಥ ಒಂದು ಘಟನೆ ಹಾಳೆಯ ಮೇಲೆ ಬರುವವರೆಗೆ ಬರೆಯಬೇಕು. ಗಣಿತದ ಶಿಕ್ಷಕಿಯೊಬ್ಬರು ಮೈದಾನದಲ್ಲಿ ಎಂಟರ ಆಕಾರವನ್ನು ಚೆನ್ನಾಗಿಯೇ ಸುತ್ತುತ್ತಿದ್ದರು, ರಸ್ತೆಗೂ ಇಳಿದಿದ್ದರು. ಆದರೆ ದೇವರಾಜ ಮಾರುಕಟ್ಟೆಗೆ ಮಾತ್ರ ಆಟೊದಲ್ಲೇ ಹೋಗುತ್ತಿದ್ದರು. ಕೇಳಿದರೆ "ಅಲ್ಲಿ ಟ್ರಾಫಿಕ್ಕು." ಬರೆಯಿರಿ ಎಂದೆ. ನಾಲ್ಕು ಸಲ ಹೊಡೆದುಹಾಕಿ ಬರೆದದ್ದು ಇದು: "ಒತ್ತಾಗಿ ನಿಂತ ಗಾಡಿಗಳ ನಡುವಿನಿಂದ ನನ್ನ ಗಾಡಿ ತೆಗೆಯುವಾಗ ಅದು ಪಕ್ಕದ್ದರ ಮೇಲೆ ಬಿದ್ದು, ಸಾಲೆಲ್ಲ ಉರುಳಿ, ಹೂವಿನವರೆಲ್ಲ ತಿರುಗಿ ನೋಡುತ್ತಾರೆ." ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರು, ತಮಗೆ ಬಾರದ್ದನ್ನು ನಾಲ್ಕು ಜನರ ಎದುರು ಮಾಡಿ ಅಭ್ಯಾಸವೇ ಇರಲಿಲ್ಲ. ಟ್ರಾಫಿಕ್ಕಿಗೂ ಇದಕ್ಕೂ ಏನು ಸಂಬಂಧ?

ಇಷ್ಟು ಸ್ಪಷ್ಟವಾಗಿ ಬರೆದರೆ ಅರ್ಧ ಭಯ ಕಲಿಯಬಹುದಾದ ಕೌಶಲವಾಗಿಬಿಡುತ್ತದೆ. ಸ್ಕೂಟರಿನ ಎಡಕ್ಕೆ ನಿಲ್ಲಿ. ಎಡಗೈ ಹ್ಯಾಂಡಲಿನ ಎಡ ಹಿಡಿಯ ಮೇಲೆ, ಎರಡು ಬೆರಳು ಬ್ರೇಕಿನ ಮೇಲೆ. ಬಲಗೈ ಸೀಟಿನ ಹಿಂದಿನ ಕಂಬಿಯ ಮೇಲೆ. ಗಾಡಿಯನ್ನು ಸ್ವಲ್ಪ ನಿಮ್ಮ ಕಡೆಗೇ ವಾಲಿಸಿ ಸೊಂಟಕ್ಕೆ ಆನಿಸಿಕೊಳ್ಳಿ. ನೂರು ಕಿಲೋ ದಾಟಿದ ಗಾಡಿಯನ್ನು ತೋಳು ಹೊರಬಾರದು, ಸೊಂಟ ಹೊರಬೇಕು. ನೇರವಾಗಿ ಹಿಂದಕ್ಕೆ ಎಳೆಯಿರಿ. ಕನ್ನಡಿ ಪಕ್ಕದ ಗಾಡಿಯನ್ನು ದಾಟುವವರೆಗೆ ಹ್ಯಾಂಡಲ್ ತಿರುಗಿಸಬೇಡಿ. ಹೆಚ್ಚಿನವರು ಮೊದಲು ತಿರುಗಿಸುತ್ತಾರೆ, ಕನ್ನಡಿ ಸಿಕ್ಕಿಕೊಳ್ಳುತ್ತದೆ, ಗಾಬರಿಯಲ್ಲಿ ಜಗ್ಗುತ್ತಾರೆ. ನಾವು ಮೂರು ಹಳೆಯ ಗಾಡಿಗಳನ್ನು ಒತ್ತಾಗಿ ನಿಲ್ಲಿಸಿಕೊಂಡು ಇದನ್ನೇ ಅಭ್ಯಾಸ ಮಾಡಿದೆವು.

ಉಳಿದರ್ಧ ಭಯಕ್ಕೆ ಮೆಟ್ಟಿಲು ಬೇಕು. ಇದು ನನ್ನ ಸಂಶೋಧನೆಯೇನಲ್ಲ. 1924ರಷ್ಟು ಹಿಂದೆಯೇ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದ ಬಗೆಯನ್ನು ಬರೆದಿಟ್ಟಿದ್ದಾರೆ. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿಸಿದ. ನಮ್ಮ ಶಿಕ್ಷಕಿಯ ಹಾಳೆಯಲ್ಲಿ ಭಯಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಬಿತ್ತು. ಅಂಕ ಹಾಕುವುದರಲ್ಲಿ ಅವರು ನಿಸ್ಸೀಮರು. ಬೆಳಗಿನ ಆರು ಗಂಟೆಗೆ ಕುವೆಂಪುನಗರದ ಅಡ್ಡರಸ್ತೆ 20. ಬಡಾವಣೆಯ ತರಕಾರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ತೆಗೆಯುವುದು 40. ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ಮುಂದಿನ ಸಾಲು 60. ಮಧ್ಯಾಹ್ನದ ಮಾರುಕಟ್ಟೆ 75. ಗೌರಿ ಹಬ್ಬದ ಹಿಂದಿನ ಸಂಜೆಯ ಮಾರುಕಟ್ಟೆ 100. ಶುರು ಮಾಡಬೇಕಾದದ್ದು ಇಪ್ಪತ್ತು ಮೂವತ್ತರ ಆಸುಪಾಸಿನಿಂದ. ಸೊನ್ನೆಯಿಂದ ಶುರು ಮಾಡಿದರೆ ಮನಸ್ಸು ಏನನ್ನೂ ಕಲಿಯುವುದಿಲ್ಲ. ನೂರಕ್ಕೇ ಹಾರಿದರೆ ಮರುದಿನ ಮಂಡಿ ನೋವು.

ಎದೆ ಹೊಡೆದುಕೊಳ್ಳುವಾಗ ಸ್ಥಳ ಬಿಟ್ಟು ಹೋಗಬೇಡಿ. ರಸ್ತೆ ಬದಿಗೆ ಬಂದು ಎಂಜಿನ್ ಆರಿಸಿ, ಅಲ್ಲೇ ನಿಲ್ಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ನಂದಿಯ ಬಳಿ ಕೂತು ದಣಿವಾರಿಸಿಕೊಳ್ಳುತ್ತಾರೆಯೇ ಹೊರತು ಕೆಳಗಿಳಿದು ಮನೆಗೆ ಹೋಗುವುದಿಲ್ಲವಲ್ಲ. ಭಯ ನೆತ್ತಿಗೇರಿದಾಗ ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆ ಎಂಬ ಪಾಠ ಮನಸ್ಸಿನಲ್ಲಿ ಕೂರುತ್ತದೆ. ನಿಂತರೆ ಅದು ತಾನಾಗಿ ಇಳಿಯುವುದನ್ನು ನೀವೇ ಕಾಣುತ್ತೀರಿ. ಒಂದು ಮೆಟ್ಟಿಲಿನ ಅಂಕ ಅರ್ಧಕ್ಕೆ ಇಳಿದ ಮೇಲೆ ಮುಂದಿನದು.

ಊರುಗೋಲುಗಳ ಮೇಲೂ ಕಣ್ಣಿರಲಿ. ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತಾ ಓಡಿಸುವುದು, ಮಗಳು ಹಿಂದೆ ಕೂತರೆ ಮಾತ್ರ ಹೊರಡುವುದು. ಇವು ಇರುವಷ್ಟು ದಿನ ಗೆದ್ದ ಹೆಸರು ಮಗಳಿಗೆ ಹೋಗುತ್ತದೆ. ಹಿಂದಿನ ಸೀಟಿನಿಂದ "ಬ್ರೇಕ್, ಬ್ರೇಕ್" ಎಂದು ಕೂಗುವ ಗಂಡಂದಿರನ್ನಂತೂ ನಾನು ಮೈದಾನದ ಗೇಟಿನ ಹೊರಗೇ ಕಾಫಿಗೆ ಕಳಿಸುತ್ತೇನೆ. ಹೆಲ್ಮೆಟ್ ಊರುಗೋಲಲ್ಲ, ಅದನ್ನು ತೆಗೆಯಬೇಡಿ.

"ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಓಡಿಸುತ್ತೇನೆ" ಎಂಬ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ವಾದಿಸಿದ್ದರು: ನನ್ನಿಂದಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಸ್ವತಃ ಮಾಡಿ ಮುಗಿಸಿದ ಅನುಭವ. ಬೇರೆಯವರ ಹುರಿದುಂಬಿಸುವ ಮಾತು ಅದರ ಮುಂದೆ ಸಪ್ಪೆ.

ಹಿಂದೊಮ್ಮೆ ಅಪಘಾತವಾಗಿ ಅದು ಕನಸಿನಲ್ಲೂ ಕಾಡುತ್ತಿದ್ದರೆ, ಉಸಿರು ಕಟ್ಟಿ ಮನೆಯಿಂದ ಹೊರಡುವುದೇ ಆಗದಿದ್ದರೆ, ಅದು ನನ್ನಂಥವರ ಕೈಯಲ್ಲಿ ಬಗೆಹರಿಯುವುದಿಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮಳೆಗಾಲವಿಡೀ ಗಾಡಿ ಮುಟ್ಟದೆ ಬಿಟ್ಟರೆ ಹಳೆಯ ಭಯ ಮತ್ತೆ ತಲೆ ಹಾಕುತ್ತದೆ. ಕಲಿತದ್ದೆಲ್ಲ ಹೋಯಿತು ಎಂದು ಕೈಚೆಲ್ಲಬೇಡಿ. ಹಾಳೆ ತೆಗೆದು, ನಿಂತಿದ್ದ ಮೆಟ್ಟಿಲಿಗಿಂತ ಎರಡು ಕೆಳಗಿನದರಿಂದ ಶುರು ಮಾಡಿ. ಎರಡನೆಯ ಸಲ ಬೇಗ ಇಳಿಯುತ್ತದೆ. ಮೈದಾನಕ್ಕೆ ವಾಪಸು ಬರಬೇಕಾಗಿಲ್ಲ, ನನಗೆ ಇನ್ನೊಮ್ಮೆ ಫೀಸು ಕಟ್ಟಬೇಕಾಗಿಯೂ ಇಲ್ಲ.