ಬ್ಯಾಂಕಾಕ್‌ಗೆ ಹೊರಟವರು ಮೊದಲು ಕ್ಯಾಲೆಂಡರ್ ತಗೊಳ್ಳಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಸೊಸೆ ಮುಂದಿನ ತಿಂಗಳು ಬ್ಯಾಂಕಾಕ್‌ಗೆ ಹೊರಟಿದ್ದಾಳೆ. ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿದೆ. ಮೊನ್ನೆ ಸಂಜೆ ವಹಿ, ಪೆನ್ನು ಹಿಡಿದುಕೊಂಡು ಬಂದಳು. "ಕಾಕು, ಏನೇನ್ ಒಯ್ಯಬೇಕ್ರಿ? ಉಪ್ಪಿನಕಾಯಿ ಎಷ್ಟ್ ಕಿಲೋ ಸಾಕಾದೀತು?"

ನಾನೂ 2014ರಲ್ಲಿ ಹೋಗುವಾಗ ಇದನ್ನೇ ಕೇಳಿದ್ದೆ. ಆರು ವರ್ಷ ಇದ್ದು ಬಂದವಳು ಹೇಳುತ್ತೇನೆ ಕೇಳಿ. ಉಪ್ಪಿನಕಾಯಿ ಅಲ್ಲೇ ಸಿಗುತ್ತದೆ. ಇಲ್ಲಿಂದ ಸರಿಯಾಗಿ ಒಯ್ಯಬೇಕಾದದ್ದು ಕಾಗದಪತ್ರ. ಅದರ ಜೊತೆ ಗೋಡೆಗೆ ತೂಗುಹಾಕುವ ಒಂದು ಕಾಲನಿರ್ಣಯ ಕ್ಯಾಲೆಂಡರ್. ನಗಬೇಡಿ, ಕಾರಣ ಮುಂದೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ಕೆಲಸ ನಿಜವೇ ಅಂತ ನೋಡಿ. "ತಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಊಟ ವಸತಿ ಫ್ರೀ, ಟೂರಿಸ್ಟ್ ಆಗಿ ಬನ್ನಿ, ವೀಸಾ ಆಮೇಲೆ ಮಾಡಿಸೋಣ" ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಹೀಗೆ ಹೋದ ಹುಡುಗರನ್ನು ಬ್ಯಾಂಕಾಕ್‌ನಿಂದ ಮೇ ಸೋಟ್ ಗಡಿ ದಾಟಿಸಿ ಮ್ಯಾನ್ಮಾರ್‌ನ ಮೋಸದ ಕಾಲ್ ಸೆಂಟರುಗಳಿಗೆ ದೂಡುತ್ತಾರೆ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅಂಥ 549 ಜನರನ್ನು ವಾಪಸು ಕರೆತಂದವು. ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಮುದ್ರೆ ಇರುವವರು ಕೆಲಸಕ್ಕೆ ಹೋಗುವ ಮುನ್ನ ಎಮಿಗ್ರೇಷನ್ ಕ್ಲಿಯರೆನ್ಸ್ ತಗೊಳ್ಳಬೇಕು. ಅದು ಬೇಕಾಗುವ ದೇಶಗಳ ಪಟ್ಟಿಯಲ್ಲಿ ತಾಯ್ಲೆಂಡ್ ಕೂಡ ಇದೆ.

ಕೆಲಸಕ್ಕೆ ಹೋಗುವವರಿಗೆ ನಾನ್-ಇಮಿಗ್ರಂಟ್ 'ಬಿ' ವೀಸಾ, ಹೆಂಡತಿ ಮಕ್ಕಳಿಗೆ 'ಓ'. ವೀಸಾ ಬೇರೆ, ವರ್ಕ್ ಪರ್ಮಿಟ್ ಬೇರೆ. ಎರಡೂ ಬೇಕು. ನಾವು ವೀಸಾಕ್ಕಾಗಿ ಕಾಗದದ ಕಟ್ಟು ಹೊತ್ತುಕೊಂಡು ಮುಂಬೈಯ ನರಿಮನ್ ಪಾಯಿಂಟ್‌ಗೆ ಅಲೆದಿದ್ದೆವು. 2025ರಿಂದ ಎಲ್ಲ ಇ-ವೀಸಾ. ಒಳಗೆ ಹೋಗುವ ಮುನ್ನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡನ್ನೂ ತುಂಬಬೇಕು. ಅದು ಫ್ರೀ. ದುಡ್ಡು ಕೇಳುವ ಸೈಟ್ ಕಂಡರೆ ಅದು ನಕಲಿ.

ಡಿಗ್ರಿ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸುವುದನ್ನು ಇಲ್ಲೇ ಮುಗಿಸಿ. ನಮ್ಮ ಮದುವೆ ಸರ್ಟಿಫಿಕೇಟ್ ಮೊದಲು ಮಂತ್ರಾಲಯಕ್ಕೆ ಹೋಯಿತು (ರಾಯರದ್ದಲ್ಲ, ಚರ್ಚ್‌ಗೇಟ್ ಹತ್ತಿರದ್ದು!). ಅಲ್ಲಿಂದ ವಿದೇಶಾಂಗ ಖಾತೆಯ ಮುದ್ರೆ, ಆಮೇಲೆ ತಾಯ್ ಕಾನ್ಸುಲೇಟ್. ಮುಂಬೈಯವರಿಗೆ ಇದರಲ್ಲಿ ಇನ್ನೊಂದು ತೊಡಕು. ಇಲ್ಲಿನ ಕಾಗದಗಳಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಮ್ಮ ಹೆಸರು, ಕೊನೆಗೆ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಬೇರೆ ಸಾಲು. ಅಲ್ಲಿನ ಗುಮಾಸ್ತೆಗೆ ಇವರಿಬ್ಬರೂ ಒಬ್ಬಳೇ ಹೆಂಗಸು ಅಂತ ಅರ್ಥ ಮಾಡಿಸುವುದರಲ್ಲಿ ನನಗೆ ಒಂದಿಡೀ ಮುಂಜಾನೆ ಹೋಗಿತ್ತು. ಎಲ್ಲ ಕಾಗದದಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡಲಿ.

ಈಗ ಕ್ಯಾಲೆಂಡರ್ ವಿಷಯ. ಅಲ್ಲಿ ಇರುವ ಪರದೇಶಿಯರೆಲ್ಲ 90 ದಿನಕ್ಕೊಮ್ಮೆ "ನಾನು ಇದೇ ವಿಳಾಸದಲ್ಲಿದ್ದೇನೆ" ಅಂತ ಇಮಿಗ್ರೇಷನ್‌ಗೆ ತಿಳಿಸಬೇಕು. ಆ ಫಾರ್ಮಿನ ಹೆಸರು ಟಿಎಂ 47. ತಾರೀಖಿಗೆ 15 ದಿನ ಮೊದಲಿಂದ 7 ದಿನ ಆಮೇಲಿನವರೆಗೆ ಅವಕಾಶ. ತಪ್ಪಿದರೆ 2,000 ಬಾತ್ ದಂಡ. ಮಧ್ಯೆ ಊರಿಗೆ ಬಂದು ಹೋದರೆ ಎಣಿಕೆ ಮತ್ತೆ ಒಂದರಿಂದ ಶುರು. ವೀಸಾ ಮುಗಿದ ಮೇಲೂ ಉಳಿದರೆ ದಿನಕ್ಕೆ 500 ಬಾತ್. ನಾನು ಕಾಲನಿರ್ಣಯದಲ್ಲಿ ಏಕಾದಶಿಗೆ ಹಸಿರು ಸುತ್ತು, 90 ದಿನಕ್ಕೆ ಕೆಂಪು ಸುತ್ತು ಹಾಕುತ್ತಿದ್ದೆ. ಕೆಂಪು ಸುತ್ತಿನ ಹಿಂದಿನ ವಾರ ಚೇಂಗ್ ವತ್ತನಾದ ದೊಡ್ಡ ಕಚೇರಿಗೆ ಬೆಳಗ್ಗೆ ಹೋಗಿ ಕೂರುವುದು. ಈಗ ಆನ್‌ಲೈನ್ ಕೂಡ ಆಗುತ್ತದೆ.

ಇಷ್ಟೆಲ್ಲ ಸುತ್ತು ಹಾಕಿದವಳು ಒಂದು ಕಡೆ ಮುಗ್ಗರಿಸಿದೆ. ಅದರ ಹೆಸರು ರೀ-ಎಂಟ್ರಿ ಪರ್ಮಿಟ್. ಒಂದು ವರ್ಷಕ್ಕೆ ವಿಸ್ತರಿಸಿದ ವೀಸಾ ಇದ್ದರೂ, ಈ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ಆ ವಿಸ್ತರಣೆ ಅಲ್ಲಿಗೇ ರದ್ದು. 2016ರಲ್ಲಿ ಮಾವನವರನ್ನು ಠಾಣೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ರಾತ್ರಿ ಎಂಟಕ್ಕೆ ಫೋನ್ ಬಂತು. ಸಿಕ್ಕ ವಿಮಾನ ಹತ್ತಿದೆವು. ಯಜಮಾನರ ಪಾಸ್‌ಪೋರ್ಟಿನಲ್ಲಿ ಆಫೀಸಿನವರು ಮಲ್ಟಿಪಲ್ ರೀ-ಎಂಟ್ರಿ ಹಾಕಿಸಿಟ್ಟಿದ್ದರು. ನನ್ನದರಲ್ಲಿ ಇರಲಿಲ್ಲ. ಅದು ಬೇಕು ಅನ್ನುವುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಹನ್ನೆರಡು ದಿನದ ಮೇಲೆ ವಾಪಸು ಹೋದಾಗ ಸುವರ್ಣಭೂಮಿ ವಿಮಾನ ನಿಲ್ದಾಣದ ಹೆಣ್ಣುಮಗಳು ನನ್ನ ಪಾಸ್‌ಪೋರ್ಟಿನ ಒಂದೊಂದೇ ಹಾಳೆ ತಿರುವಿದಳು. ಮತ್ತೆ ಹಿಂದಿನಿಂದ ತಿರುವಿದಳು. "ರೀ-ಎಂಟ್ರಿ?" ಅಂದಳು, ಮೆತ್ತಗೆ. ನಾನು ಯಜಮಾನರ ಮುಖ ನೋಡಿದೆ. ಅವರು ಮೇಲಿನ ಫ್ಯಾನ್ ನೋಡಿದರು, ಅಲ್ಲಿ ಫ್ಯಾನೇ ಇರಲಿಲ್ಲ. 15 ದಿನದ ವೀಸಾ ಆನ್ ಅರೈವಲ್ ಮೇಲೆ ನನ್ನ ಮನೆಗೆ ನಾನು ಟೂರಿಸ್ಟ್ ಆಗಿ ಹೋದೆ. 'ಓ' ವೀಸಾದ ಕೆಲಸ ಮತ್ತೆ ಮೊದಲಿನಿಂದ.

ಆ ಪರ್ಮಿಟ್ ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲಕ್ಕಾದರೂ 3,800. ಹೊಟ್ಟೆ ಉರಿಸುವ ಮಾತೆಂದರೆ, ಅದೇ ವಿಮಾನ ನಿಲ್ದಾಣದಲ್ಲಿ ಹೊರಡುವಾಗಲೂ ಮಾಡಿಸಿಕೊಡುತ್ತಾರೆ. ವಿಸ್ತರಣೆಗೆ ಹೋದ ದಿನವೇ 3,800 ಕೊಟ್ಟು ಮಾಡಿಸಿಬಿಡಿ. ವಯಸ್ಸಾದವರು ಊರಲ್ಲಿದ್ದರೆ ಮುಖ್ಯವಾಗಿ. ಫೋನ್ ಯಾವಾಗ ಬರುತ್ತದೆ ಅಂತ ಯಾರು ಹೇಳಬೇಕು?

ಮನೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ. ಕರೆಂಟ್ ಬಿಲ್ ಸರ್ಕಾರಿ ಮೀಟರಿನದೋ, ಮಾಲೀಕರು ಯೂನಿಟ್ಟಿಗೆ ತಮ್ಮದೇ ದರ ಹಾಕುತ್ತಾರೋ ಕೇಳಿಕೊಳ್ಳಿ. ಎಸಿ ಇಲ್ಲದೆ ಅಲ್ಲಿ ಮೇ ತಿಂಗಳು ಕಳೆಯುವುದು ಕಷ್ಟ, ಆ ವ್ಯತ್ಯಾಸ ಜೇಬಿಗೆ ತಾಗುತ್ತದೆ. ನೀವು ಬಂದು ಉಳಿದ 24 ಗಂಟೆಯೊಳಗೆ ಮಾಲೀಕರು ಟಿಎಂ 30 ಅನ್ನುವ ಸೂಚನೆ ಕೊಡಬೇಕು. ಕೊಟ್ಟಿದ್ದಕ್ಕೆ ರಸೀದಿ ಕೇಳಿ ಇಟ್ಟುಕೊಳ್ಳಿ, ಮುಂದೆ ಇಮಿಗ್ರೇಷನ್‌ನವರು ಕೇಳುತ್ತಾರೆ. ಬಿಲ್ಲು ಕಟ್ಟುವುದು ಮಾತ್ರ ಸುಲಭ. ಮೂಲೆ ಮೂಲೆಯಲ್ಲೂ ಸೆವೆನ್ ಇಲೆವೆನ್ ಅಂಗಡಿ, ಹಾಲಿನ ಜೊತೆ ಕರೆಂಟ್ ಬಿಲ್ಲೂ ಅಲ್ಲೇ.

ಆ ಹಾಲಿನ ಡಬ್ಬಿಯ ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಮೊದಲ ವಾರ ಬ್ರೆಡ್ಡಿನ ಮೇಲೆ '57' ಅಂತ ಕಂಡು, ಇದು ಯಾವ ಕಾಲದ್ದಪ್ಪಾ ಅಂದುಕೊಂಡೆ. ಅದು ಬೌದ್ಧ ವರ್ಷ 2557. ಅದರಿಂದ 543 ಕಳೆದರೆ ನಮ್ಮ 2014. ಬಾಡಿಗೆ ಕರಾರಿನಲ್ಲೂ ಇದೇ ಲೆಕ್ಕ ಇರುತ್ತದೆ, ಕಳೆದು ನೋಡಿಯೇ ಸಹಿ ಹಾಕಿ.

ಇನ್ನು ಅಡಿಗೆಮನೆ. ಎತ್ತರದ ಕಾಂಡೋಗಳಲ್ಲಿ ಗ್ಯಾಸ್ ಸಿಲಿಂಡರ್ ಸಾಮಾನ್ಯವಾಗಿ ಬಿಡುವುದಿಲ್ಲ. ಆನ್ ನುಟ್‌ನ ನಮ್ಮ ಮನೆಯಲ್ಲಿ ಎರಡು ಸುತ್ತಿನ ಕರೆಂಟ್ ಒಲೆ ಇತ್ತು. ಹಾಗಾಗಿ ಕುಕ್ಕರ್, ಬಾಣಲೆ ಒಯ್ಯುವುದಾದರೆ ಇಂಡಕ್ಷನ್ ತಳ ಇರುವುದನ್ನೇ ಒಯ್ಯಿರಿ. ಉರುಟು ತಳದ ಬಾಣಲೆ ಅಲ್ಲಿ ಹೂವಿನ ಕುಂಡ ಆಗುತ್ತದೆ, ನಂದು ಆಯಿತು. ಕರೆಂಟ್ ಹೆಚ್ಚುಕಡಿಮೆ ಇಲ್ಲಿಯ ಹಾಗೇ, ಮಿಕ್ಸರ್ ಚೆನ್ನಾಗಿ ನಡೆಯುತ್ತದೆ. ಆದರೆ ನಮ್ಮ ದಪ್ಪ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಹೊಕ್ಕುವುದಿಲ್ಲ. ಮುಂಬೈಯಲ್ಲಿ ಕರೆಂಟ್ ಸಾಮಾನು ಸಿಗುವ ಲೋಹಾರ್ ಚಾಳ್‌ನಲ್ಲಿ ಎರಡು ಗಟ್ಟಿ ಅಡಾಪ್ಟರ್ ತಗೊಳ್ಳಿ. ಬೇಳೆ, ರವೆ, ಹಿಂಗು, ಕರಿಬೇವು ಎಲ್ಲ ಪಾಹುರಾತ್ ಪೇಟೆಯಲ್ಲಿ ಸಿಗುತ್ತವೆ. ಬಾಳೆ ಎಲೆ, ತೆಂಗಿನಕಾಯಿಗೆ ಮಾಟುಂಗಾ ಮಾರ್ಕೆಟ್ಟಿನ ನೆನಪೇ ಬರುವುದಿಲ್ಲ, ಅಷ್ಟು ಸಿಗುತ್ತವೆ. ಅಲ್ಲಿನ ಮಲ್ಲಿಗೆ ಅಕ್ಕಿಯಲ್ಲಿ ಚಿತ್ರಾನ್ನ ಮಾಡಬೇಡಿ, ಮುದ್ದೆಯಾಗುತ್ತದೆ. ಬಿಸಿಬೇಳೆಗೆ ಪರವಾಗಿಲ್ಲ. ಸಾರಿನ ಪುಡಿ ಮಾತ್ರ ಮನೆಯದೇ ಒಯ್ಯಿರಿ.

ಹೊರಗೆ ತಿನ್ನುವಾಗ ಸಸ್ಯಾಹಾರಿಗಳು "ಮಾಂಸ ಬೇಡ" ಅಂದರೆ ಸಾಲದು. ಬರೀ ತರಕಾರಿ ಅಂದುಕೊಂಡ ಪಲ್ಯದಲ್ಲೂ ನಾಮ್ ಪ್ಲಾ ಇರುತ್ತದೆ, ಅಂದರೆ ಮೀನಿನ ರಸ. "ಮಾಯ್ ಸಾಯ್ ನಾಮ್ ಪ್ಲಾ" ಅಂತ ಬಾಯಿಪಾಠ ಮಾಡಿ, ಅದನ್ನು ಹಾಕಬೇಡಿ ಅಂತ ಅರ್ಥ. ಅದಕ್ಕಿಂತ ಸುಲಭದ ದಾರಿ 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ನೋಡಲು 17ರ ಹಾಗೆ ಕಾಣುತ್ತದೆ. ಆ ಬಾವುಟ ಇದ್ದಲ್ಲಿ ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ನಮ್ಮ ದಸರೆಯ ಆಸುಪಾಸಿನಲ್ಲೇ ಜೇ ಹಬ್ಬ ಬರುತ್ತದೆ, ಬೀದಿಗೆ ಬೀದಿಯೇ ಹಳದಿ. ಆಗ ನಮ್ಮ ಅತ್ತೆಯವರು ಬಂದಿದ್ದರು, ಈರುಳ್ಳಿ ಮುಟ್ಟದವರು. ಖುಷಿಯಿಂದ ಕರೆದುಕೊಂಡು ಹೋದೆ. ತಟ್ಟೆಯಲ್ಲಿ ಬಂದದ್ದು ಹುರಿದ ಬಾತುಕೋಳಿ! ಗೋಧಿಯ ಅಂಟಿನಿಂದ ಮಾಡಿದ್ದು, ಚರ್ಮದ ಗೆರೆ ಸಹಿತ. "ಇದೇನವಾ ಇದು, ನನ್ನ ಜಾತಿ ಕೆಡಸಾಕ ಕರಕೊಂಡ್ ಬಂದಿಯೇನ?" ಅಂದರು. ಬರೀ ಅನ್ನ, ಬೇಯಿಸಿದ ಎಲೆಕೋಸು ತಿಂದರು. ಹಿರಿಯರ ಜೊತೆ ಹೋದರೆ ಚಿತ್ರ ನೋಡಿ ಆರ್ಡರ್ ಮಾಡಿ.

ಭಾಷೆಗೆ ಹೆದರಬೇಡಿ. ಐದು ರಾಗದಲ್ಲಿ ಮಾತಾಡುವ ಭಾಷೆ, ರಾಗ ತಪ್ಪಿದರೆ ಅರ್ಥ ತಪ್ಪುತ್ತದೆ ನಿಜ. ಆದರೆ ಊಟ 'ಆಹಾನ್', ಭಾಷೆ 'ಪಾಸಾ', ಭಾನುವಾರ 'ವಾನ್ ಆತಿತ್', ಸೋಮವಾರ 'ವಾನ್ ಚಾನ್', ಬುಧವಾರ 'ವಾನ್ ಪುತ್'. ಆದಿತ್ಯ, ಚಂದ್ರ, ಬುಧ ಅಂತ ಕಿವಿಗೆ ಬೀಳುವುದಿಲ್ಲವೇ? ಹೆಂಗಸರು ಮಾತಿನ ಕೊನೆಗೆ 'ಖಾ', ಗಂಡಸರು 'ಖ್ರಾಪ್' ಸೇರಿಸಬೇಕು. ನಮ್ಮ ಧಾರವಾಡದ 'ರೀ' ಇದ್ದ ಹಾಗೆ. ನಮ್ಮನ್ನು ಅವರು 'ಖೇಕ್' ಅನ್ನುತ್ತಾರೆ, ಮೂಲ ಅರ್ಥ ಅತಿಥಿ. ಬಿಳಿಯರಿಗೆ 'ಫರಾಂಗ್', ಪೇರಲ ಹಣ್ಣಿಗೂ ಅದೇ ಮಾತು.

ಕೆಲವು ವಿಷಯಕ್ಕೆ ಚರ್ಚೆಯೇ ಬೇಡ. ರಾಜಮನೆತನದ ಬಗ್ಗೆ ಹಗುರ ಮಾತು, ತಮಾಷೆ, ಫಾರ್ವರ್ಡ್ ಬೇಡ. ಮೂರರಿಂದ ಹದಿನೈದು ವರ್ಷ ಜೈಲು. ಇ-ಸಿಗರೇಟ್ ಒಯ್ಯಬೇಡಿ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸ್ಟೇಷನ್ನಿನಲ್ಲಿ ರಾಷ್ಟ್ರಗೀತೆ ಬಂದರೆ ನಿಂತುಬಿಡಿ. ಹೆಂಡತಿ ಅಂತ 'ಓ' ವೀಸಾದ ಮೇಲೆ ಹೋದವರು ಪರ್ಮಿಟ್ ಇಲ್ಲದೆ ಟ್ಯೂಷನ್, ಟಿಫಿನ್ ಡಬ್ಬಿ ಶುರು ಮಾಡಬೇಡಿ, ಅದೂ ಕೆಲಸದ ಲೆಕ್ಕವೇ.

ಹೊರಡುವ ಮುನ್ನ ಬ್ಯಾಂಕಿಗೆ ಒಮ್ಮೆ ಹೋಗಿ ಬನ್ನಿ. ಅನಿವಾಸಿ ಆದ ಮೇಲೆ ಮಾಮೂಲಿ ಉಳಿತಾಯ ಖಾತೆಯನ್ನು ಎನ್ಆರ್‌ಒ ಮಾಡಿಸಬೇಕು. ಇಲ್ಲಿಯ ಸಿಮ್ ಸಾಯಲು ಬಿಡಬೇಡಿ, ಸಣ್ಣ ರೀಚಾರ್ಜ್ ಹಾಕುತ್ತಿರಿ. ನಮ್ಮದು ಬಂದ್ ಆಗಿ ಒಟಿಪಿ ಬರದೆ, ಸೊಸೈಟಿಯ ಮೇಂಟೆನೆನ್ಸ್ ಆರು ತಿಂಗಳು ಮೈದುನ ಕಟ್ಟಿದ. ಇವತ್ತಿಗೂ ಆಡಿ ತೋರಿಸುತ್ತಾನೆ.

ಮೂರನೇ ಮಾಳಿಗೆಯ ಸೊಸೆ ಇಷ್ಟೆಲ್ಲ ಬರೆದುಕೊಂಡಳು. ಕಾಲನಿರ್ಣಯ ನಾನೇ ಕೊಟ್ಟೆ, ಮೊದಲ ಕೆಂಪು ಸುತ್ತೂ ಹಾಕಿಕೊಟ್ಟೆ. ಆಮೇಲೆ ವಹಿ ಮುಚ್ಚುತ್ತಾ ಕೇಳಿದಳು, "ಎಲ್ಲಾ ಖರೇ ಕಾಕು, ಆದ್ರ ಉಪ್ಪಿನಕಾಯಿ ಎಷ್ಟ್ ಕಿಲೋ?"

ಎರಡು ಅಂದೆ. ಎಣ್ಣೆ ಸೋರದಂತೆ ಎರಡು ಪ್ಲಾಸ್ಟಿಕ್ ಚೀಲ, ಚೆಕ್-ಇನ್ ಬ್ಯಾಗಿನಲ್ಲಿ, ಬಿಳಿ ಬಟ್ಟೆಯಿಂದ ದೂರ.