ಬ್ಯಾಜಟ್‌ನನ್ನು ಕನ್ನಡದಲ್ಲಿ ಪಾಠ ಮಾಡಿದ್ದು

ಪದವಿ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ವಾಲ್ಟರ್ ಬ್ಯಾಜಟ್‌ನ ‘ದಿ ಇಂಗ್ಲಿಷ್ ಕಾನ್‌ಸ್ಟಿಟ್ಯೂಷನ್’ ಹೇಳಿಕೊಡಬೇಕಿತ್ತು. ಇಂಗ್ಲೆಂಡಿನ ಆಡಳಿತ ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುವ 1867ರ ಪುಸ್ತಕ. ಬರೆದಾತ ಬ್ಯಾಂಕಿನ ಮನೆತನದವನು, ‘ದಿ ಎಕಾನಮಿಸ್ಟ್’ ಪತ್ರಿಕೆಯ ಸಂಪಾದಕ. ಕಾನೂನು ಓದಿಯೂ ವಕೀಲಿಗೆ ಇಳಿಯಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರಿದೆ ಅನ್ನುವುದಕ್ಕಿಂತ ಗಲ್ಲಾ ಯಾರ ಕೈಲಿದೆ ಅಂತ ನೋಡುವ ಕಣ್ಣು ಅವನದು.

ಮೊದಲ ದಿನವೇ ತೊಡಕಾಯಿತು. ರಾಜ್ಯಾಂಗದಲ್ಲಿ ‘ಡಿಗ್ನಿಫೈಡ್’ (ರಾಣಿ, ಸಿಂಹಾಸನ), ‘ಎಫಿಷಿಯೆಂಟ್’ (ಸಚಿವ ಸಂಪುಟ) ಎಂಬ ಎರಡು ಭಾಗ ಅನ್ನುತ್ತಾನಲ್ಲ, ಎರಡನೆಯದಕ್ಕೆ ನಿಘಂಟು ನೋಡಿ ಬೋರ್ಡಿನ ಮೇಲೆ ‘ದಕ್ಷ’ ಎಂದು ಬರೆದೆ. “ಹಾಗಾದ್ರೆ ರಾಣಿ ದಕ್ಷಳಲ್ವಾ ಸಾರ್?” ಅಂದಳು ಒಬ್ಬ ಹುಡುಗಿ. ನ್ಯಾಯವಾದ ಪ್ರಶ್ನೆ. ಮರುದಿನ ‘ಮೆರೆಯುವ ಭಾಗ, ನಡೆಸುವ ಭಾಗ’ ಎಂದೆ. ಅದೂ ಸರಿಹೋಗಲಿಲ್ಲ, ಮೆರೆಯುವುದು ಅಂದರೆ ಬರೀ ಆಡಂಬರ ಅನ್ನಿಸುತ್ತದೆ. ಅಧಿಕಾರವನ್ನು ಮೊದಲು ಗಳಿಸಬೇಕು, ಆಮೇಲೆ ಬಳಸಬೇಕು ಅನ್ನುವುದು ಬ್ಯಾಜಟ್‌ನ ಮಾತು. ಜನರ ಭಕ್ತಿಯನ್ನು ಸಿಂಹಾಸನ ಗಳಿಸಿಕೊಡುತ್ತದೆ, ಅದನ್ನು ಬಳಸಿ ಆಳುವುದು ಸಚಿವ ಸಂಪುಟ. ಕೊನೆಗೆ ‘ಗೌರವ ಗಳಿಸುವ ಭಾಗ, ಕೆಲಸ ನಡೆಸುವ ಭಾಗ’ ಎಂದು ಬರೆಸಿದೆ. ಉದ್ದವಾಯಿತು, ಆದರೆ ಅರ್ಥ ಕೆಡಲಿಲ್ಲ.

ಅವನ ಇನ್ನೊಂದು ವಾಕ್ಯ ಮಾತ್ರ ತಾನಾಗಿ ಕನ್ನಡಕ್ಕೆ ಬಂತು: ರಾಜತ್ವದ ನಿರಿಗೆಗಳೊಳಗೆ ಗಣರಾಜ್ಯ ನುಸುಳಿಕೊಂಡಿದೆ.

ಬ್ಯಾಜಟ್‌ನ ಪ್ರಕಾರ ಅರಸನಿಗೆ ಮೂರು ಹಕ್ಕು: ಸಲಹೆ ಕೇಳಲ್ಪಡುವುದು, ಉತ್ತೇಜಿಸುವುದು, ಎಚ್ಚರಿಸುವುದು. ‘ಕೇಳಲ್ಪಡುವ’ ಅಂದರೆ ತರಗತಿಯಲ್ಲಿ ಯಾರ ಮುಖವೂ ಅರಳಲಿಲ್ಲ. ಆಗ ನಮ್ಮಜ್ಜ ನೆನಪಾದರು. ಜಮೀನು, ಲೆಕ್ಕ ಎಲ್ಲ ಮಕ್ಕಳಿಗೆ ಬಿಟ್ಟುಕೊಟ್ಟು ಜಗಲಿ ಮೇಲೆ ಕೂತಿರುತ್ತಿದ್ದರು. ಎತ್ತು ಮಾರಿದ ದಿನ ಅವರು ಅಂದದ್ದು ಒಂದೇ: “ನನ್ನನ್ನೊಂದು ಮಾತು ಕೇಳಬೇಕಿತ್ತು.” ಮಾರಬೇಡಿ ಅನ್ನುವ ಅಧಿಕಾರ ಅವರಿಗಿರಲಿಲ್ಲ, ಅದನ್ನು ಅವರು ಬಯಸಲೂ ಇಲ್ಲ. ಆದರೆ ಅವರನ್ನು ಕೇಳದೆ ಮಾರಿದ್ದಕ್ಕೆ ಅಪ್ಪ ಎರಡು ದಿನ ತಲೆ ಎತ್ತಿ ಮಾತಾಡಲಿಲ್ಲ. ಇದನ್ನು ಹೇಳಿದ ಮೇಲೆ, ಪಾರ್ಲಿಮೆಂಟಿನ ಎರಡೂ ಸದನ ಒಮ್ಮತದಿಂದ ಕಳಿಸಿದರೆ ರಾಣಿ ತನ್ನದೇ ಮರಣದಂಡನೆಗೂ ಸಹಿ ಹಾಕಬೇಕು ಎಂಬ ಬ್ಯಾಜಟ್‌ನ ಮಾತು ಮಕ್ಕಳಿಗೆ ವಿಚಿತ್ರ ಅನ್ನಿಸಲಿಲ್ಲ.

ಮುಂದಿನ ವಾರ ನಮ್ಮ ಸಂವಿಧಾನದ 78ನೇ ವಿಧಿ ತೆಗೆದೆವು. ಸಂಪುಟದ ತೀರ್ಮಾನಗಳನ್ನು ಪ್ರಧಾನಿ ರಾಷ್ಟ್ರಪತಿಗೆ ತಿಳಿಸಬೇಕು ಎನ್ನುವ ಸಾಲು ಓದುತ್ತಿದ್ದ ಹಾಗೆ ಅದೇ ಹುಡುಗಿ ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: “ಜಗಲಿ ಅಜ್ಜ.”