ಏಳನೇ ಪುಟ

ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಗೋದಾಮಿನ ಪಾಯದ ಕೆಲಸ ಹಿಡಿದಿದ್ದೆ. ಎರಿ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಜಾರುತ್ತದೆ. ಗುಂಡಿ ಎಷ್ಟು ಆಳ, ಪಕ್ಕದ ಗೋಡೆಯಿಂದ ಎಷ್ಟು ದೂರ ಎಂಬುದೆಲ್ಲ ಮಾಲೀಕರ ಎಂಜಿನಿಯರ್ ಕೊಟ್ಟ ಡ್ರಾಯಿಂಗ್‌ನಂತೆಯೇ. ಎರಡು ರಾತ್ರಿ ಮಳೆ ಹೊಡೆಯಿತು. ಮೂರನೇ ಬೆಳಿಗ್ಗೆ ಪಕ್ಕದವರ ಕಾಂಪೌಂಡ್ ಗೋಡೆ ನಮ್ಮ ಗುಂಡಿಯಲ್ಲಿ ಮಲಗಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಗೋಡೆಯ ಖರ್ಚೆಲ್ಲ ನನ್ನ ಎರಡನೇ ಆರ್‌ಎ ಬಿಲ್ಲಿನಲ್ಲಿ, ಅಂದರೆ ಕೆಲಸ ಮುಗಿದಷ್ಟಕ್ಕೆ ಆಗಾಗ ಕೊಡುವ ಬಿಲ್ಲಿನಲ್ಲಿ, ಕಡಿತವಾಗಿ ಬಂತು. "ಡ್ರಾಯಿಂಗ್ ನಿಮ್ದ ಅಲ್ರಿ?" ಎಂದರೆ ಮಾಲೀಕರು ವರ್ಕ್ ಆರ್ಡರಿನ ಏಳನೇ ಪುಟ ತೆಗೆದಿಟ್ಟರು. ಇಂಗ್ಲಿಷಿನ ಆ ಉದ್ದ ಸಾಲಿನ ತಿರುಳು: ಯಾವುದೇ ಕಾರಣದಿಂದ ಮೂರನೆಯವರಿಗೆ ನಷ್ಟವಾದರೂ ಗುತ್ತಿಗೆದಾರನೇ ತುಂಬಿಕೊಡಬೇಕು. ಕೆಳಗೆ ನನ್ನದೇ ಸಹಿ. ದರದ ಕಾಲಂ ಮೂರು ಸಲ ಓದಿದ್ದೆ, ಆ ಪುಟ ತಿರುವಿಯೂ ನೋಡಿರಲಿಲ್ಲ.

ಕಟ್ಟಡ ಕೆಲಸದ ಹಾನಿಗೆಂದು ಮಾಡಿಸುವ ವಿಮೆ, ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಇದೆಯಲ್ಲ ಎಂಬ ಧೈರ್ಯವಿತ್ತು. ಹೆಸರಿಗೆ ಆಲ್ ರಿಸ್ಕ್! ಪಕ್ಕದ ಕಟ್ಟಡದ ಆಧಾರ ಸಡಿಲಾಗಿ ಆದ ಹಾನಿಯನ್ನು ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತಂತೆ.

ಧಾರವಾಡದ ವಕೀಲರೊಬ್ಬರು ಕಾಗದ ನೋಡಿ, "ತಪ್ಪು ಯಾರ್ದು ಅಂತ ಈ ಸಾಲು ಕೇಳೂದಽ ಇಲ್ರಿ. ರೊಕ್ಕ ಯಾರ್ ಕೊಡ್ಬೇಕು ಅಂತಷ್ಟ ಹೇಳತೈತಿ" ಅಂದರು. 1872ರ ಕರಾರು ಕಾಯ್ದೆಯ 124ನೇ ಕಲಂ ಪ್ರಕಾರ ಬೇರೆಯವರ ನಡೆಯಿಂದಾದ ನಷ್ಟವನ್ನೂ ತುಂಬುತ್ತೇನೆಂದು ಬರೆದುಕೊಡಬಹುದು. 125ರಂತೆ ದಾವೆಯ ಖರ್ಚೂ ಅದರ ಬೆನ್ನಿಗೇ ಬರುತ್ತದೆ. ನಾನು ಕೋರ್ಟಿಗೆ ಹೋಗಲಿಲ್ಲ. ಮುಂದಿನ ಬಿಲ್ಲೂ ಅವರ ಕೈಯಲ್ಲೇ ಇತ್ತಲ್ಲ.

ಈಗ ಆ ಪುಟವನ್ನೇ ಮೊದಲು ತೆಗೆಯುತ್ತೇನೆ. 'ಯಾವುದೇ ಕಾರಣದಿಂದ' ಎಂಬುದಕ್ಕೆ ಗೀಟು ಎಳೆದು, 'ಗುತ್ತಿಗೆದಾರ ಅಥವಾ ಅವನ ಆಳುಗಳ ನಿರ್ಲಕ್ಷ್ಯದಿಂದ ಆದಷ್ಟಕ್ಕೆ ಮಾತ್ರ' ಎಂದು ಬರೆಸುತ್ತೇನೆ. ಡ್ರಾಯಿಂಗ್ ತಪ್ಪಾದರೆ ಅದು ಮಾಲೀಕರ ತಲೆಗೆ. ಒಟ್ಟು ಹೊಣೆ ಗುತ್ತಿಗೆ ಮೊತ್ತ ದಾಟಬಾರದು. ಕ್ಲೇಮ್ ಬಂದ 15 ದಿನದೊಳಗೆ ನನಗೆ ಪತ್ರ ಬರಬೇಕು, ತೀರ್ಮಾನವಾಗುವ ತನಕ ಬಿಲ್ಲಿಗೆ ಕೈ ಹಚ್ಚಬಾರದು. ಮಾಲೀಕರು ಹೆಚ್ಚು ಎಳೆದಾಡುವುದು ಈ ಕೊನೆಯದಕ್ಕೇ. ಆಳುಗಳ ಗಾಯದ ಹೊಣೆಯಲ್ಲಿ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಮಾಡಿಸುತ್ತೇನೆ. 2019ರಲ್ಲಿ ಧಾರವಾಡದ ಕುಮಾರೇಶ್ವರ ನಗರದ ಕಟ್ಟಡ ಕುಸಿದು 19 ಜನ ಹೋದದ್ದನ್ನು ಕಂಡವರು ನಾವು.

ಮೊನ್ನೆ ಗದಗಿನಲ್ಲಿ ಒಬ್ಬ ಮಾಲೀಕರು, "ಅಡ್ವಾನ್ಸ್ ಕೇಳೂದು ಬಿಟ್ಟು ಇದನ್ಯಾಕ ಓದಾಕತ್ತೀರಿ?" ಎಂದು ನಕ್ಕರು. ಗೋಡೆಯ ಕಥೆ ಹೇಳಿದೆ. ನಿರ್ಲಕ್ಷ್ಯದ ಮಾತು, ಹೊಣೆಯ ಮಿತಿ ಎರಡನ್ನೂ ಒಪ್ಪಿದರು. ಬಿಲ್ ಕಡಿತ ಮಾತ್ರ ಬಿಡಲೊಲ್ಲರು. ಕಡೆಗೆ ರಿಟೆನ್ಷನ್ ದುಡ್ಡಿನ, ಅಂದರೆ ಭದ್ರತೆಗೆಂದು ಪ್ರತಿ ಬಿಲ್ಲಿನಲ್ಲಿ ಮಾಲೀಕರು ಉಳಿಸಿಕೊಳ್ಳುವ ಪಾಲಿನ, ಮಟ್ಟಿಗೆ ಹಿಡಿಯಬಹುದು ಎಂದಾಗಿ, ತಿದ್ದಿದ ಪ್ರತಿ ಸಾಲಿನ ಪಕ್ಕ ಇಬ್ಬರೂ ಸಹಿ ಹಾಕಿದೆವು.